ರಾಜಿ ಕಲಿಯಲು ವಿಮಾನ ಹತ್ತಬೇಕೇ?



ವ್ಯಾಜ್ಯ ಪರಿಹಾರದ ಅಧ್ಯಯನಕ್ಕೆಂದು ಕಾನೂನು ವಿದ್ಯಾರ್ಥಿಗಳನ್ನು ಸಿಂಗಪುರ, ಹೇಗ್‌ಗಳಿಗೆ ಕರೆದೊಯ್ಯುವ ಪರಿಪಾಠ ಕೆಲವು ಕಾಲೇಜುಗಳಲ್ಲಿದೆ. ನನ್ನ ಮಗಳ ಕಾಲೇಜಿನಿಂದಲೂ ಅಂಥದೊಂದು ಸುತ್ತೋಲೆ ಬಂದಿದೆ. ಖರ್ಚು ವರ್ಷದ ಶುಲ್ಕವನ್ನೂ ಮೀರಿಸುತ್ತದೆ. ಪ್ರವಾಸವೇ ಬೇಡವೆನ್ನುತ್ತಿಲ್ಲ. ಸಿಂಗಪುರದ ವ್ಯಾಜ್ಯ ಪರಿಹಾರ ಕೇಂದ್ರವಾದ ಮ್ಯಾಕ್ಸ್‌ವೆಲ್ ಚೇಂಬರ್ಸ್‌ನಲ್ಲಿ ಭಾರತೀಯ ಕಂಪನಿಗಳ ಆರ್ಬಿಟ್ರೇಷನ್ ಪ್ರಕರಣಗಳೂ ನಡೆಯುತ್ತವೆ. ಆದರೆ ಆ ವಿಚಾರಣೆಗಳು ಸಾಮಾನ್ಯವಾಗಿ ಗೋಪ್ಯ. ಮಕ್ಕಳು ನೋಡಿ ಬರುವುದು ಖಾಲಿ ಕೊಠಡಿಗಳನ್ನಷ್ಟೆ!

ರಾಜಿಯನ್ನು ನಮ್ಮಲ್ಲೇ ನೋಡಿ ಕಲಿಯಬಹುದು. ಹೈಕೋರ್ಟ್ ಆಶ್ರಯದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ 2007ರಿಂದ ಕೆಲಸ ಮಾಡುತ್ತಿದೆ. ಲೋಕ ಅದಾಲತ್ ತಾಲ್ಲೂಕು ಕೋರ್ಟುಗಳಲ್ಲೂ ನಡೆಯುತ್ತದೆ. ಅಲ್ಲಿಗೆ ಬರುವುದು ಅಪಘಾತ ಪರಿಹಾರ, ಚೆಕ್ ಬೌನ್ಸ್, ಆಸ್ತಿ ಪಾಲಿನ ಜಗಳ. ವಿಮಾ ಕಂಪನಿ ವಕೀಲರ ಚೌಕಾಸಿ, ಅಣ್ಣತಮ್ಮಂದಿರ ಹಟ, ನ್ಯಾಯಾಧೀಶರು ಕನ್ನಡದಲ್ಲೇ ಇಬ್ಬರಿಗೂ ತಿಳಿಹೇಳುವ ಬಗೆ, ಎಲ್ಲವನ್ನೂ ಬಸ್ ಚಾರ್ಜಿನಲ್ಲಿ ಕಾಣಬಹುದು. ನಾಳೆ ಈ ಮಕ್ಕಳಲ್ಲಿ ಹೆಚ್ಚಿನವರು ವಕಾಲತ್ತು ಹಾಕುವುದೂ ಇಲ್ಲಿಯೇ ತಾನೆ?

ಪರ್ಯಾಯ ವ್ಯಾಜ್ಯ ಪರಿಹಾರವನ್ನು ಬಾರ್ ಕೌನ್ಸಿಲ್ ಕಡ್ಡಾಯ ಪ್ರಾಯೋಗಿಕ ವಿಷಯವಾಗಿಸಿದೆ. 2023ರಲ್ಲಿ ಮಧ್ಯಸ್ಥಿಕೆ ಕಾಯ್ದೆಯೂ ಬಂತು. ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯವು ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಜೊತೆ ಮಾತಾಡಿ, ಲೋಕ ಅದಾಲತ್ ವೀಕ್ಷಣೆಗೆ ಅಂಕ ನಿಗದಿಪಡಿಸಲಿ. ಮಧ್ಯಸ್ಥಿಕೆಯ ಮಾತುಕತೆಯೂ ಗೋಪ್ಯವೇ. ಅಲ್ಲಿ ಕಕ್ಷಿದಾರರು ಒಪ್ಪಿದರಷ್ಟೇ ವಿದ್ಯಾರ್ಥಿಗಳು ಕೂರಲಿ. ವಿದೇಶ ಪ್ರವಾಸ ಐಚ್ಛಿಕ, ಹೋಗದವರ ಆಂತರಿಕ ಅಂಕ ಕಡಿಮೆಯಾಗದು ಎಂದು ಎಲ್ಲ ಕಾಲೇಜುಗಳಿಗೂ ಲಿಖಿತ ಸೂಚನೆ ನೀಡಬೇಕೆಂದು ವಿಶ್ವವಿದ್ಯಾಲಯದಲ್ಲಿ ವಿನಂತಿ.

– ಒಬ್ಬ ಪೋಷಕ, ದಾವಣಗೆರೆ