ಮನೋವ್ರಣವೂ ಮನೆಯ ಮಾನವೂ

ವಿದ್ಯಾವಂತರೆಂದು ಹೆಸರಾದ ಮನೆತನಗಳಲ್ಲಿ ಒಂದು ಅಭಿಪ್ರಾಯವು ಬಹುಕಾಲದಿಂದ ಬೇರೂರಿರುವುದು. ಮನಸ್ಸಿನ ದುಃಖವನ್ನು ಮನೆಯವರೊಡನೆ ಹೇಳಿಕೊಳ್ಳಬೇಕು, ಇಲ್ಲವೆ ದೇವರೊಡನೆ ಹೇಳಿಕೊಳ್ಳಬೇಕು. ಹಣ ತೆತ್ತು ಅಪರಿಚಿತನೊಬ್ಬನ ಮುಂದೆ ಅದನ್ನು ಬಿಚ್ಚಿಡುವುದು ಪಾಶ್ಚಾತ್ಯರ ಚಾಳಿ, ಮಾನವಂತರಿಗೆ ಒಪ್ಪತಕ್ಕದ್ದಲ್ಲ ಎಂಬುದೇ ಆ ಅಭಿಪ್ರಾಯ. ಹೀಗೆ ಹೇಳುವವರು ಮೂಢರಲ್ಲ. ಅವರ ಮನೆಗಳಲ್ಲಿ ಪುಸ್ತಕಗಳುಂಟು. ಸಕ್ಕರೆ ಕಾಯಿಲೆಗೆ ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆಯುಂಟು. ಮಕ್ಕಳು ಪರದೇಶಗಳಲ್ಲಿ ದೊಡ್ಡ ಉದ್ಯೋಗಗಳಲ್ಲಿರುವುದೂ ಉಂಟು. ಆದರೆ ರಸ್ತೆಯ ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ತಾಯಿಯು ವರ್ಷ ತುಂಬಿದರೂ ನಡುರಾತ್ರಿಯಲ್ಲಿ ಬೆಚ್ಚಿ ಏಳುತ್ತಿದ್ದರೆ, ಅದೇ ಅಪಘಾತದಲ್ಲಿ ಬದುಕಿ ಉಳಿದ ಅಣ್ಣನು ಲಾರಿಯ ಸದ್ದಿಗೆ ಬೆವತು ಹೊಸ್ತಿಲು ದಾಟದೆ ಕುಳಿತುಬಿಟ್ಟರೆ, ಅವರಿಬ್ಬರಿಗೂ ದೊರೆಯುವ ಔಷಧ ಒಂದೇ: “ಆದದ್ದು ಆಯಿತು, ಮರೆತುಬಿಡಿ, ಧೈರ್ಯ ತಂದುಕೊಳ್ಳಿ.”

ಈ ಉಪದೇಶವು ಸದುದ್ದೇಶದಿಂದ ಬಂದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮರೆಯುವುದು ಕೈಲಾಗಿದ್ದರೆ ಆ ತಾಯಿ ಎಂದೋ ಮರೆತಿರುತ್ತಿದ್ದಳು. ಘೋರವಾದ ಆಘಾತದ ಸ್ಮೃತಿಯು ಉಳಿದ ಸ್ಮೃತಿಗಳಂತೆ ಕಾಲಕ್ರಮದಲ್ಲಿ ಮಾಸುವುದಿಲ್ಲ. ಒಂದು ಸದ್ದು, ಒಂದು ವಾಸನೆ, ಗಾಜೊಡೆದ ಒಂದು ನೋಟ ಸಾಕು. ಕಳೆದುಹೋದ ಘಟನೆಯು ಈಗಲೇ ನಡೆಯುತ್ತಿರುವಂತೆ ಮೈಮೇಲೆ ಎರಗುವುದು. ಅದಕ್ಕೆ ಹೆದರಿದವನು ಆ ರಸ್ತೆಯನ್ನೂ ಆ ಮಾತನ್ನೂ ತಪ್ಪಿಸುತ್ತಾನೆ. ತಪ್ಪಿಸಿದ ಗಳಿಗೆಯಲ್ಲಿ ಸಮಾಧಾನವಾಗುವುದು ನಿಜ. ಆದರೆ ಭಯವು ನಿರಾಧಾರವೆಂದು ಮನಸ್ಸಿಗೆ ತಿಳಿಯುವ ಸಂದರ್ಭವೇ ಒದಗದೆ ರೋಗವು ಬಲಿಯುವುದು. ಅಮೆರಿಕದ ಮನೋವೈದ್ಯರ ಸಂಘವು 1980ರಲ್ಲಿ ಇದಕ್ಕೆ ಪ್ರತ್ಯೇಕವಾದ ಹೆಸರನ್ನಿಟ್ಟು ತನ್ನ ರೋಗಪಟ್ಟಿಯಲ್ಲಿ ಸೇರಿಸಿತು. ಆಘಾತಕ್ಕೊಳಗಾದವರೆಲ್ಲರೂ ಈ ರೋಗಕ್ಕೆ ತುತ್ತಾಗುವುದಿಲ್ಲ. ಬಹುಮಂದಿ ಬಂಧುಗಳ ಆಸರೆಯಿಂದಲೇ ಚೇತರಿಸಿಕೊಳ್ಳುತ್ತಾರೆ. ಇಲ್ಲಿ ವಿಚಾರವಿರುವುದು ಚೇತರಿಸಿಕೊಳ್ಳಲಾರದೆ ಉಳಿದವರದು.

ಅವರಿಗೆ ವಿಹಿತವಾದುದು ಏಕಾಂತದ ಮಾತಿನ ಚಿಕಿತ್ಸೆ. ಇದನ್ನು ಅಪರಿಚಿತನ ಮುಂದೆ ಅಳುವುದೆಂದು ತಿಳಿದವರು ಅದರ ಕ್ರಮವನ್ನು ವಿಚಾರಿಸಿದವರಲ್ಲ. ವಾರಕ್ಕೊಮ್ಮೆ ಹೆಚ್ಚು ಕಡಿಮೆ ಒಂದು ಗಂಟೆ, ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಸಲ, ಚಿಕಿತ್ಸಕನೂ ರೋಗಿಯೂ ಎದುರೆದುರು ಕೂರುತ್ತಾರೆ. ಉಸಿರನ್ನೂ ಉದ್ವೇಗವನ್ನೂ ಹಿಡಿತಕ್ಕೆ ತಂದುಕೊಳ್ಳುವುದು ಮೊದಲು. ಅನಂತರ ನಡೆದುದನ್ನು ಆದಿಯಿಂದ ಅಂತ್ಯದವರೆಗೆ, ರೋಗಿಯು ತಾಳಬಲ್ಲಷ್ಟೇ ಪ್ರಮಾಣದಲ್ಲಿ, ಮತ್ತೆ ಮತ್ತೆ ಹೇಳಿಸುವುದು. ಹೇಳುತ್ತ ಹೇಳುತ್ತ ಚೂರುಚೂರಾಗಿದ್ದ ಸ್ಮೃತಿಯು ಒಂದು ಕಥೆಯ ರೂಪವನ್ನು ತಾಳಿ ಭೂತಕಾಲಕ್ಕೆ ಸೇರುವುದು. ಆಮೇಲೆ ಅಪರಾಧಭಾವದ ಪರೀಕ್ಷೆ. “ನಾನು ಕರೆದೆ, ಅವನು ಬಂದ, ಸತ್ತ, ಆದಕಾರಣ ನಾನೇ ಕೊಂದೆ” ಎಂದು ಅಣ್ಣನು ಒಳಗೊಳಗೇ ಅನುಮಾನಪ್ರಮಾಣವನ್ನು ಹೂಡಿರುತ್ತಾನೆ. ತರ್ಕಸಂಗ್ರಹವನ್ನು ಓದಿದ ಬಾಲಕನೂ ಇದನ್ನು ಹೇತ್ವಾಭಾಸವೆಂದಾನು. ಕಾಗೆ ಕೂತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಇರುವ ಸಂಬಂಧವೇ ಇಲ್ಲಿಯೂ ಇರುವುದು. ಆದರೆ ಬೇರೆಯವರು ಹೇಳಿದರೆ ದುಃಖಿಯು ಒಪ್ಪುವುದಿಲ್ಲ. ಚಿಕಿತ್ಸಕನು ಖಂಡಿಸದೆ ಪ್ರಶ್ನೆಗಳನ್ನು ಕೇಳುತ್ತಾನೆ; ದೋಷವನ್ನು ರೋಗಿಯೇ ಕಾಣುತ್ತಾನೆ. 1960ರ ದಶಕದಲ್ಲಿ ಆರನ್ ಬೆಕ್ ಎಂಬ ವೈದ್ಯನು ವಿಷಾದರೋಗಿಗಳಲ್ಲಿ ಆರಂಭಿಸಿದ ವಿಚಾರಪರೀಕ್ಷೆಯ ಮಾರ್ಗವೇ ಇಂದು ಆಘಾತಪೀಡಿತರಿಗೂ ವಿಸ್ತರಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯು 2013ರಲ್ಲಿ ಈ ಬಗೆಯ ಚಿಕಿತ್ಸೆಯನ್ನು ಅನುಮೋದಿಸಿತು. ಕಛೇರಿಯ ಕಿರುಕುಳ, ಸಾಲ, ಹಾಸಿಗೆ ಹಿಡಿದ ಹಿರಿಯರ ಶುಶ್ರೂಷೆ ಮುಂತಾದ ನಿತ್ಯದ ಒತ್ತಡಗಳಿಗೂ ಇದರ ಸರಳವಾದ ರೂಪಗಳುಂಟು.

ಗೀತೆಯ ಪಾರಾಯಣವಿರುವಾಗ ಇದೆಲ್ಲವೂ ಏಕೆ ಎಂಬುದು ಮುಂದಿನ ಆಕ್ಷೇಪ. ಆಕ್ಷೇಪಿಸುವವರು ಮೊದಲನೆಯ ಅಧ್ಯಾಯವನ್ನು ಅವಸರದಿಂದ ದಾಟಿರಬೇಕು. ಆ ಅಧ್ಯಾಯಕ್ಕೆ ಅರ್ಜುನವಿಷಾದಯೋಗವೆಂದೇ ಹೆಸರು. ಬಾಯಿ ಒಣಗುವುದನ್ನೂ ಮೈ ನಡುಗುವುದನ್ನೂ ಗಾಂಡೀವವು ಕೈಜಾರುವುದನ್ನೂ ಅರ್ಜುನನು ಅಲ್ಲಿ ಒಂದೊಂದಾಗಿ ಹೇಳಿಕೊಳ್ಳುತ್ತಾನೆ. ಶ್ರೀಕೃಷ್ಣನಾದರೋ, ನೆರೆದಿರುವ ಕುರುಗಳನ್ನು ನೋಡೆಂಬ ಒಂದು ಮಾತಿನ ಹೊರತು ಆ ಅಧ್ಯಾಯದಲ್ಲಿ ಬೇರೇನನ್ನೂ ನುಡಿಯುವುದಿಲ್ಲ, ಕೇಳುತ್ತಾನೆ. ಎರಡನೆಯ ಅಧ್ಯಾಯದ ಆದಿಯಲ್ಲಿ ಹೃದಯದೌರ್ಬಲ್ಯವನ್ನು ಬಿಟ್ಟು ಏಳೆಂದು ಗದರಿಸುತ್ತಾನೆ. ಮನೆಯ ಹಿರಿಯರ “ಧೈರ್ಯ ತಂದುಕೋ” ಎಂಬುದು ಇದೇ ಅಲ್ಲವೆ? ಅದರಿಂದ ಅರ್ಜುನನು ಎದ್ದನೆ? ಏಳಲಿಲ್ಲ. ಮತ್ತೆ ತನ್ನ ಅಳಲನ್ನೇ ತೋಡಿಕೊಂಡು, ಯುದ್ಧ ಮಾಡೆನೆಂದು ಸುಮ್ಮನಾದನು. ಗದರಿಕೆಯು ಸೋತ ಬಳಿಕವೇ ಆ ದೀರ್ಘವಾದ ಸಂವಾದವು ತೊಡಗುವುದು. ಹದಿನೆಂಟನೆಯ ಅಧ್ಯಾಯಕ್ಕೆ ಬಂದಾಗಲೂ, ಎಲ್ಲವನ್ನೂ ವಿಮರ್ಶಿಸಿ ನಿನ್ನ ಇಚ್ಛೆಯಂತೆ ಮಾಡೆಂದು ನಿರ್ಧಾರವನ್ನು ಕೇಳುವವನಿಗೇ ಬಿಡಲಾಗಿದೆ. ಗೀತೆಯು ವೈದ್ಯಗ್ರಂಥವಲ್ಲ ನಿಜ. ಆದರೆ ಮಾತಿನ ಚಿಕಿತ್ಸೆಯ ವಿರುದ್ಧವಾಗಿ ಅದನ್ನು ಸಾಕ್ಷಿಗೆ ಕರೆಯುವವರಿಗೆ ಆ ಸಾಕ್ಷಿಯು ಪ್ರತಿಕೂಲವಾಗಿಯೇ ನುಡಿಯುವುದು.

ವೈದ್ಯಗ್ರಂಥವೇ ಬೇಕೆಂದರೆ ಚರಕಸಂಹಿತೆಯನ್ನು ನೋಡಬಹುದು. ಅದರ ಸೂತ್ರಸ್ಥಾನವು ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ, ಸತ್ತ್ವಾವಜಯ ಎಂದು ಚಿಕಿತ್ಸೆಯನ್ನು ಮೂರು ವಿಧವಾಗಿ ವಿಂಗಡಿಸುವುದು. ಮಂತ್ರ ಮಣಿಗಳು ಮೊದಲನೆಯದಕ್ಕೆ, ಆಹಾರ ಔಷಧಗಳು ಎರಡನೆಯದಕ್ಕೆ ಸೇರಿದರೆ, ಅಹಿತವಾದ ವಿಷಯಗಳಿಂದ ಮನಸ್ಸನ್ನು ತಿರುಗಿಸುವುದು ಮೂರನೆಯದು. ಮಾನಸವ್ಯಾಧಿಗೆ ಹೇಳಿದ ಉಪಾಯಗಳ ಸಾಲಿನಲ್ಲಿ ಜ್ಞಾನ, ವಿಜ್ಞಾನ, ಧೈರ್ಯಗಳ ಜೊತೆಗೆ ಸ್ಮೃತಿಯೂ ಇರುವುದು. ವಿಸ್ಮೃತಿಯು ಆ ಸಾಲಿನಲ್ಲಿ ಇಲ್ಲ. ಇಂದಿನ ಪದ್ಧತಿಯೆಲ್ಲವೂ ಚರಕನಲ್ಲಿಯೇ ಇದ್ದಿತೆಂದು ಬೀಗುವವರ ವಾದವೂ ಸಲ್ಲದು. ಮನಸ್ಸಿಗೆ ಬೇರೆಯೇ ಚಿಕಿತ್ಸೆ ಬೇಕೆಂಬ ಭಾವನೆಯು ಪರದೇಶದಿಂದ ಬಂದುದಲ್ಲವೆಂದು ತೋರಿಸುವುದಕ್ಕೆ ಇಷ್ಟು ಸಾಕು.

ಮನೆಯವರೇ ಸಾಲದೆ ಎಂಬವರು ಒಂದನ್ನು ಗಮನಿಸಬೇಕು. ಮನೆಯವರು ಆ ದುಃಖದಲ್ಲಿ ಪಾಲುಗಾರರು. ತಂದೆಯ ರಕ್ತದೊತ್ತಡ ಏರೀತೆಂದು ತಾಯಿಯು ಅವನೆದುರು ಅಳಳು. ತಾಯಿಯು ಕುಸಿದಾಳೆಂದು ಅಣ್ಣನು ಬಾಯಿ ಬಿಡನು. ಒಂದೇ ಸೂರಿನ ಕೆಳಗೆ ಮೂವರೂ ಮೂರು ಮೌನಗಳನ್ನು ಸಾಕುತ್ತಿರುತ್ತಾರೆ. ದುಃಖದಲ್ಲಿ ಪಾಲಿಲ್ಲದವನ ಎದುರಿಗೆ ಮಾತ್ರವೇ ಬಾಯಿ ತೆರೆಯುವ ಸಂದರ್ಭಗಳುಂಟು. ಮನೆಯ ಗುಟ್ಟು ಬೀದಿಗೆ ಬಂದೀತು, ಮಗಳ ಮದುವೆಗೆ ಅಡ್ಡಿಯಾದೀತು ಎಂಬ ಭಯಕ್ಕೆ ಉತ್ತರವು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಲ್ಲಿದೆ: ಗೌಪ್ಯತೆಯನ್ನು ಅದು ರೋಗಿಯ ಹಕ್ಕೆಂದು ವಿಧಿಸಿದೆ. ಗುಟ್ಟು ಕಾಯಬೇಕೆಂಬ ವಿಧಿಯು ನೆರೆಮನೆಯ ಹಿತೈಷಿಗೆ ಇಲ್ಲ.

ಚಿಕಿತ್ಸೆಯ ಹೆಸರಿನಲ್ಲಿ ನಡೆಯುವುದೆಲ್ಲವೂ ಗ್ರಾಹ್ಯವೆಂದು ಇದರ ಅರ್ಥವಲ್ಲ. ಕೆಲವು ದಿನಗಳ ತರಗತಿಯಲ್ಲಿ ಕುಳಿತು ಪ್ರಮಾಣಪತ್ರ ತಂದು ಬಾಗಿಲಿಗೆ ಫಲಕ ತೂಗುಹಾಕಿದವರು ನಗರಗಳಲ್ಲಿ ಹೆಚ್ಚಿದ್ದಾರೆ. ಹೇಗೋ ಮಾತನಾಡಿಸಿದರೆ ಸಾಕೆಂಬುದು ಅಪಾಯಕರವಾದ ಭ್ರಮೆ. ಅನರ್ಥವಾದ ಕೂಡಲೇ ಎಲ್ಲರನ್ನೂ ಕೂಡಿಸಿ ಒಂದೇ ಸಲ ಎಲ್ಲವನ್ನೂ ಹೇಳಿಸಿಬಿಡುವ ಪದ್ಧತಿಯು ಹಿಂದೆ ಬಳಕೆಯಲ್ಲಿದ್ದಿತು. ಅದನ್ನು ಮಾಡಕೂಡದೆಂದು ಇಂಗ್ಲೆಂಡಿನ ಆರೋಗ್ಯ ಮಾರ್ಗಸೂಚಿಯು 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಚಿಕಿತ್ಸಕನ ವ್ಯಾಸಂಗವನ್ನೂ ನೋಂದಣಿಯನ್ನೂ ಕೇಳುವುದರಲ್ಲಿ ಗೃಹಸ್ಥರು ದಾಕ್ಷಿಣ್ಯ ತೋರಬೇಕಾಗಿಲ್ಲ.

ಇನ್ನು ಭಾಷೆಯ ಮಾತು. ಕನ್ನಡಿಗನು ವಿಷಾದವೆಂದು ಹೇಳಿಕೊಂಡು ಬರುವುದಿಲ್ಲ. ಎದೆ ಭಾರವೆನ್ನುತ್ತಾನೆ, ಹೊಟ್ಟೆಯಲ್ಲಿ ಸಂಕಟವೆನ್ನುತ್ತಾನೆ, ಯಾವುದನ್ನೋ ಮನಸ್ಸಿಗೆ ಹಚ್ಚಿಕೊಂಡೆನೆನ್ನುತ್ತಾನೆ. ಈ ಮಾತುಗಳನ್ನು ಬಲ್ಲವನಲ್ಲದೆ ಬೇರೆಯವನು ಇದಕ್ಕೆ ಚಿಕಿತ್ಸೆ ಮಾಡಲಾರನು. ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯು ವಯಸ್ಕರಲ್ಲಿ ನೂರಕ್ಕೆ ಸುಮಾರು 10.6 ಮಂದಿಗೆ ಮಾನಸಿಕ ವ್ಯಾಧಿಯನ್ನು ಕಂಡಿತು. ಬಗೆಬಗೆಯ ವ್ಯಾಧಿಗಳಲ್ಲಿ ಚಿಕಿತ್ಸೆ ಕಾಣದವರು ನೂರಕ್ಕೆ 70ರಿಂದ 92ರವರೆಗೆ ಇದ್ದರು. ಜಿಲ್ಲೆಯನ್ನು ಘಟಕವಾಗಿಟ್ಟುಕೊಂಡು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯುವ ಪ್ರಯೋಗವು 1985ರಲ್ಲಿ ನಡೆದುದು ಕನ್ನಡನಾಡಿನ ಬಳ್ಳಾರಿಯಲ್ಲಿಯೇ. 1996ರಲ್ಲಿ ಅದು ದೇಶದ ಕಾರ್ಯಕ್ರಮವಾಯಿತು. 2022ರ ಅಕ್ಟೋಬರಿನಿಂದ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಹಣವಿಲ್ಲದೆ ಸಲಹೆ ಸಿಗುತ್ತದೆ, ಕನ್ನಡದಲ್ಲಿಯೂ ಸಿಗುತ್ತದೆ. ಆದರೆ ದೂರವಾಣಿಯ ಸಲಹೆಯು ಹನ್ನೆರಡು ವಾರಗಳ ಏಕಾಂತದ ಚಿಕಿತ್ಸೆಗೆ ಸಾಟಿಯಲ್ಲ. ಅಂತಹ ಚಿಕಿತ್ಸಕರು ಬಹುಪಾಲು ದೊಡ್ಡ ನಗರಗಳಲ್ಲಿಯೇ ನೆಲೆಸಿದ್ದಾರೆ. ಶಾಸನದ ಕಲ್ಲಿಗಾಗಿಯೂ ಕವಿಯ ಸ್ಮಾರಕಕ್ಕಾಗಿಯೂ ಸರ್ಕಾರಕ್ಕೆ ವರ್ಷವರ್ಷವೂ ಅರ್ಜಿ ಬರೆಯುವ ಜಿಲ್ಲೆಯ ಸಾಹಿತ್ಯ ಸಂಘಗಳು, ಜಿಲ್ಲಾಸ್ಪತ್ರೆಯಲ್ಲಿ ಕನ್ನಡ ಬಲ್ಲ ಮನಶ್ಚಿಕಿತ್ಸಕರನ್ನು ನೇಮಿಸಬೇಕೆಂದು ಈ ವರ್ಷ ಇನ್ನೊಂದು ಅರ್ಜಿಯನ್ನು ಬರೆಯಲಿ.