ಕೊಡುವ ಕೈಯೂ ಲೆಕ್ಕ ಕೊಡಬೇಕು

ಬಡರಾಷ್ಟ್ರಕ್ಕೆ ನೆರವು ಕೊಟ್ಟವರು ಲೆಕ್ಕ ಕೇಳುವುದು ನ್ಯಾಯವೇ. ಆದರೆ ನೆರವು ಪಡೆದ ಜನರು ಕೊಟ್ಟವರಿಂದ ಲೆಕ್ಕ ಕೇಳಬಹುದೇ? ಕೆರಿಬಿಯನ್ ಸಮುದ್ರದ ಹೈಟಿ ದೇಶವನ್ನು ನೋಡಿದರೆ ಈ ಪ್ರಶ್ನೆ ಕೇಳಲೇಬೇಕಾಗುತ್ತದೆ.

ಹೈಟಿಯ ಗುಲಾಮರು ಹೋರಾಡಿ 1804ರಲ್ಲಿ ಸ್ವತಂತ್ರ ರಾಷ್ಟ್ರ ಕಟ್ಟಿದರು. ಅಂಥವರ ಸಂತತಿಯವರು ಯಾರ ಗದ್ದೆಯ ಅನ್ನ ಉಣ್ಣಬೇಕೆಂಬುದನ್ನು ಪರದೇಶದವರು ತೀರ್ಮಾನಿಸುವ ಕಾಲ ಬಂತು. ಸಾಲ ಕೊಡುವವರ ಒತ್ತಾಯದಿಂದ 1995ರಲ್ಲಿ ಅಕ್ಕಿಯ ಆಮದು ಸುಂಕವನ್ನು ಶೇಕಡಾ 3ಕ್ಕೆ ಇಳಿಸಲಾಯಿತು. ಅಮೆರಿಕ ಸರಕಾರ ಸಹಾಯಧನ ಕೊಟ್ಟು ಬೆಳೆಸಿದ ಅಕ್ಕಿ ಅಗ್ಗವಾಗಿ ಬಂದು ಸುರಿಯಿತು. ಆರ್ಟಿಬೊನೀಟ್ ಕಣಿವೆಯ ರೈತರು ಆ ಬೆಲೆಯ ಎದುರು ನಿಲ್ಲಲಾರದೆ ಹೋದರು. ಆ ನೀತಿ ತನ್ನ ರಾಜ್ಯದ ಕೆಲವು ರೈತರಿಗೆ ಲಾಭ ತಂದಿರಬಹುದು, ಆದರೆ ಅದು ತಪ್ಪಾಗಿತ್ತು ಎಂದು ಮಾಜಿ ಅಧ್ಯಕ್ಷ ಕ್ಲಿಂಟನ್ 2010ರ ಮಾರ್ಚ್ ತಿಂಗಳಲ್ಲಿ ಸೆನೆಟ್ ಸಮಿತಿಯ ಮುಂದೆ ಒಪ್ಪಿಕೊಂಡರು. ಒಪ್ಪಿಕೊಂಡ ಮಾತ್ರಕ್ಕೆ ಬೀಳುಬಿದ್ದ ಗದ್ದೆ ಹಸಿರಾಗಲಿಲ್ಲ.

ಆ ವರ್ಷದ ಜನವರಿ 12ರ ಭೂಕಂಪದಲ್ಲಿ ರಾಜಧಾನಿ ಕುಸಿದಿತ್ತು. ಲೋಕವೆಲ್ಲ ಹಣ ಕಳುಹಿಸಿತು. ಆದರೆ ತುರ್ತು ಪರಿಹಾರದಲ್ಲಿ ಹೈಟಿ ಸರಕಾರದ ಕೈಗೆ ಬಂದದ್ದು ನೂರಕ್ಕೆ ಸುಮಾರು ಒಂದು ಪಾಲು ಮಾತ್ರ. ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲಕರ ಶಿಬಿರದ ಹೊಲಸು ನದಿಗೆ ಸೇರಿ ಕಾಲರಾ ಹಬ್ಬಿತು. ಮುಂದಿನ ವರ್ಷಗಳಲ್ಲಿ ಸುಮಾರು 10,000 ಜನ ಸತ್ತರು. ಪರಿಹಾರ ಕೇಳಿ ಅಮೆರಿಕದ ನ್ಯಾಯಾಲಯಕ್ಕೆ ಹೋದವರಿಗೆ, ವಿಶ್ವಸಂಸ್ಥೆಯ ಮೇಲೆ ದಾವೆ ನಡೆಯದು ಎಂಬ ಉತ್ತರ ಸಿಕ್ಕಿತು. ಮಹಾಕಾರ್ಯದರ್ಶಿಯವರು ಕ್ಷಮೆ ಕೇಳಿದ್ದು 2016ರ ಡಿಸೆಂಬರಿನಲ್ಲಿ.

‘ಅಲ್ಲಿನ ಸರಕಾರ ಕಳ್ಳ ಸರಕಾರ, ಅದರ ಕೈಗೆ ಹಣ ಕೊಡುವುದು ಹೇಗೆ?’ ಎಂದು ಕೇಳುವವರಿದ್ದಾರೆ. ಮಾತಿನಲ್ಲಿ ಹುರುಳಿದೆ. 1957ರಿಂದ 1986ರವರೆಗೆ ಆಳಿದ ಡುವಾಲಿಯೆ ತಂದೆಮಕ್ಕಳು ಬೊಕ್ಕಸವನ್ನು ಸುಲಿದದ್ದು ನಿಜ. ಆದರೆ ಕಳ್ಳನಾದ ಮಂತ್ರಿಯನ್ನು ಜನರು ಮತ ಹಾಕಿ ಇಳಿಸಬಹುದು. ಹೊರಗಿನ ಸಂಸ್ಥೆಯ ಅಧಿಕಾರಿಯನ್ನು ಇಳಿಸುವ ಮತಪೆಟ್ಟಿಗೆ ಯಾವ ಊರಿನಲ್ಲಿಯೂ ಇಲ್ಲ. ಸರಕಾರವನ್ನು ಬದಿಗಿಟ್ಟೇ ಎಲ್ಲ ಕೆಲಸ ನಡೆಸಿದರೆ, ಆ ಸರಕಾರ ಕೆಲಸ ಕಲಿಯುವುದಾದರೂ ಯಾವಾಗ? 2023ರ ಜನವರಿಯಲ್ಲಿ ಕೊನೆಯ ಸೆನೆಟ್ ಸದಸ್ಯರ ಅವಧಿಯೂ ಮುಗಿದು, ಇಡೀ ದೇಶದಲ್ಲಿ ರಾಷ್ಟ್ರಮಟ್ಟದ ಚುನಾಯಿತ ಪ್ರತಿನಿಧಿ ಒಬ್ಬರೂ ಉಳಿಯಲಿಲ್ಲ. ಅಷ್ಟು ವರ್ಷ ಹರಿದ ನೆರವು ಒಂದು ಸರಕಾರವನ್ನು ಗಟ್ಟಿಮಾಡಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನೆರವು ನಿಲ್ಲಬೇಕೆಂದು ನಾನು ಹೇಳುವುದಿಲ್ಲ. ಹಸಿದವನಿಗೆ ಮೊದಲು ಊಟವೇ ಆಗಬೇಕು. ಆದರೆ ಹಂಚುವ ಅಕ್ಕಿಯನ್ನು ಸಾಧ್ಯವಾದಷ್ಟು ಅಲ್ಲಿನ ರೈತನಿಂದಲೇ ಕೊಳ್ಳಲಿ. ಬಂದ ಹಣ, ಆದ ಖರ್ಚು ಎರಡನ್ನೂ ಜನರಾಡುವ ಕ್ರಿಯೋಲ್ ಭಾಷೆಯಲ್ಲಿ ಬರೆದು ಊರೂರಿನಲ್ಲಿ ಅಂಟಿಸಲಿ. ಓದಿ ಪ್ರಶ್ನೆ ಕೇಳುವ ಹಕ್ಕು ಉಳಿದಲ್ಲಿ ಮಾತ್ರ ನೆರವು ಪಡೆದವರು ಪ್ರಜೆಗಳಾಗಿ ಉಳಿಯುತ್ತಾರೆ.