ಹಾಡಿನ ಪೆಟ್ಟಿಗೆಗೂ ಕನ್ನಡ ಬರಲಿ



ಹೋದ ಚಳಿಗಾಲದಲ್ಲಿ ನಮ್ಮ ಮನೆಯಲ್ಲೊಂದು ಎಡವಟ್ಟು ನಡೆಯಿತು. ಇಲ್ಲಿ ಮ್ಯೂನಿಕ್‌ನಲ್ಲಿ ಮೂರನೇ ತರಗತಿ ಓದುತ್ತಿರುವ ನನ್ನ ಮಗಳು ಹಾಡು ಹಾಕಲು ಕೂತಿದ್ದಳು. ಪರದೆಯ ಮೇಲೆ ಮಳೆಯ ಹಾಡೊಂದರ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿತ್ತು. 'ಮಳೆ' ಅನ್ನುವುದನ್ನು ಅವಳು ಜರ್ಮನ್ ರೀತಿಯಲ್ಲಿ 'ಮಾಲೆ' ಎಂದು ಓದಿ, "ಅಪ್ಪಾ, ಇದು ಚಿತ್ರ ಬಿಡಿಸೋ ಹಾಡಾ?" ಎಂದು ಕೇಳಿದಳು. ಜರ್ಮನ್‌ನಲ್ಲಿ 'ಇಶ್ ಮಾಲೆ' ಅಂದರೆ 'ನಾನು ಚಿತ್ರ ಬಿಡಿಸುತ್ತೇನೆ' ಎಂದರ್ಥ. ಅದೇ ನಾಲ್ಕು ಅಕ್ಷರವನ್ನು ಇಂಗ್ಲಿಷ್‌ನವರು ಓದಿದರೆ 'ಮೇಲ್', ಅಂದರೆ ಗಂಡಸು! ನಮ್ಮ ಮಳೆ ಮಾತ್ರ ಇಬ್ಬರಿಗೂ ಕಾಣಿಸಲಿಲ್ಲ.

ಮಗಳು ಭಾನುವಾರದ ಕನ್ನಡ ತರಗತಿಗೆ ಹೋಗುತ್ತಾಳೆ, ಕಾಗುಣಿತ ಬರುತ್ತದೆ. ಕನ್ನಡದಲ್ಲೇ 'ಮಳೆ' ಎಂದು ಬರೆದಿದ್ದರೆ ಥಟ್ಟನೆ ಓದುತ್ತಿದ್ದಳು. ತಪ್ಪು ಅವಳದಲ್ಲ, ಆ ಹೆಸರುಗಳನ್ನು ಕುಟ್ಟಿದವನು ನಾನೇ!

ಸ್ವಲ್ಪ ಹಿನ್ನೆಲೆ. ಧಾರವಾಡದ ಮನೆಯಲ್ಲಿ ಅಪ್ಪ ಕೂಡಿಟ್ಟ ನೂರಾರು ಕ್ಯಾಸೆಟ್‌ಗಳಿದ್ದವು. ಭಾವಗೀತೆ, ವಚನ, ದಾಸರ ಪದ, ಶರೀಫರ ತತ್ವಪದ. ಊರಿಗೆ ಹೋದಾಗಲೆಲ್ಲ ಸೂಟ್‌ಕೇಸಿನಲ್ಲಿ ಒಂದಿಷ್ಟು ತಂದೆ. ಇಲ್ಲಿ ಅಂಗೈಯಗಲದ ರಾಸ್ಪ್‌ಬೆರಿ ಪೈ ಒಂದಕ್ಕೆ ಹಾರ್ಡ್ ಡಿಸ್ಕ್ ಸಿಕ್ಕಿಸಿ, ಲಿರಿಯನ್ ಮ್ಯೂಸಿಕ್ ಸರ್ವರ್ ಎಂಬ ತಂತ್ರಾಂಶ ಹಾಕಿದೆ. ಹಾಡುಗಳೆಲ್ಲ ಒಂದೇ ಕಡೆ ಇರುತ್ತವೆ. ಅಡುಗೆಮನೆ, ಪಡಸಾಲೆ, ಮಗಳ ಕೋಣೆ, ಎಲ್ಲಿ ಬೇಕಾದರೂ ವೈಫೈ ಮೂಲಕ ಕೇಳಬಹುದು. ಫೋನಿನ ಬ್ರೌಸರ್ ಒಂದಿದ್ದರೆ ಅದೇ ರಿಮೋಟ್.

ಈ ತಂತ್ರಾಂಶದ ಕಥೆಯನ್ನೂ ಹೇಳಬೇಕು. ಸ್ಲಿಮ್ ಡಿವೈಸಸ್ ಎಂಬ ಪುಟ್ಟ ಕಂಪನಿ ತನ್ನ ಪ್ಲೇಯರ್‌ಗಳಿಗಾಗಿ ಇದನ್ನು ಬರೆಸಿತ್ತು. 2006ರಲ್ಲಿ ಲಾಜಿಟೆಕ್ ಆ ಕಂಪನಿಯನ್ನು ಕೊಂಡಿತು. 2012ರಲ್ಲಿ ಸ್ಕ್ವೀಜ್‌ಬಾಕ್ಸ್ ಪ್ಲೇಯರ್‌ಗಳ ತಯಾರಿ ನಿಂತಿತು. ಆದರೆ ಸರ್ವರ್ ತಂತ್ರಾಂಶ ಮುಕ್ತವಾಗಿತ್ತು ನೋಡಿ, ಬಳಸುವವರೇ ಅದನ್ನು ಬೆಳೆಸಿಕೊಂಡು ಬಂದರು. 2024ರಲ್ಲಿ ಲಿರಿಯನ್ ಎಂಬ ಹೊಸ ಹೆಸರೂ ಬಂತು. ಬೇಕೆನ್ನುವ ಜನ ಇದ್ದರೆ ಕಂಪನಿ ಕೈಬಿಟ್ಟ ಮೇಲೂ ಒಂದು ವಸ್ತು ಬದುಕುತ್ತದೆ. ಕನ್ನಡದ ಕೆಲಸ ಮಾಡುವ ನಮಗೆ ಇದು ಪರಿಚಯದ ಸಂಗತಿಯೇ.

ಹಾಡು ಇಳಿಸುವುದು ಮಾತ್ರ ತಾಳ್ಮೆಯ ಕೆಲಸ. 60 ನಿಮಿಷದ ಕ್ಯಾಸೆಟ್‌ಗೆ 60 ನಿಮಿಷ ಬೇಕೇ ಬೇಕು, ಅಡ್ಡದಾರಿ ಇಲ್ಲ. ಮೊದಲು ಡೆಕ್ಕಿನ ಹೆಡ್ ಒರೆಸಬೇಕು, ಆಮೇಲೆ ಅಡಾಸಿಟಿಯಲ್ಲಿ ಮುದ್ರಿಸಿ ಹಾಡು ಹಾಡಾಗಿ ಕತ್ತರಿಸಬೇಕು. ಸಿಡಿ ಗುಣಮಟ್ಟದಲ್ಲಿ ಒಂದು ಗಂಟೆಯ ಧ್ವನಿ ಸುಮಾರು 635 ಎಂಬಿ ಆಗುತ್ತದೆ. ಫ್ಲಾಕ್ ಮಾದರಿಗೆ ಬದಲಿಸಿದರೆ ಒಂದು ಚೂರೂ ನಷ್ಟವಿಲ್ಲದೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ನಾನು ಎಡವಿದ್ದು ಇಲ್ಲಲ್ಲ, ಹೆಸರು ಬರೆಯುವ ಕಡೆ. ಹಳೇ ಎಂಪಿ3 ಕಡತಗಳಲ್ಲಿ ಹಾಡಿನ ಹೆಸರಿಗೆ ಇದ್ದ ಜಾಗ ಬರೀ 30 ಬೈಟ್, ಅದೂ ಲ್ಯಾಟಿನ್ ಅಕ್ಷರಕ್ಕೆಂದೇ ಮಾಡಿದ್ದು. ಆ ಕಾಲ ಎಂದೋ ಮುಗಿಯಿತು. ಫ್ಲಾಕ್ ಕಡತದ ಹೆಸರುಗಳೆಲ್ಲ ಯುಟಿಎಫ್-8ರಲ್ಲೇ ಇರುತ್ತವೆ. ಯುನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ! ಆದರೂ ಕೀಲಿಮಣೆ ಮುಂದೆ ಕೂತ ಕೂಡಲೇ ನನ್ನ ಬೆರಳು ಇಂಗ್ಲಿಷ್‌ಗೆ ಹೋಯಿತು. ಇಂಜಿನಿಯರಿಂಗ್ ಓದಿದ ಬೆರಳು ಸ್ವಾಮಿ, ಏನು ಮಾಡೋಣ!

ಅದರ ಫಲ ಹೇಳುತ್ತೇನೆ. ಅಶ್ವತ್ಥ್ ಅವರ ಹೆಸರನ್ನೇ ಇಂಗ್ಲಿಷ್‌ನಲ್ಲಿ ನಾನು ನಾಲ್ಕು ಬಗೆಯಲ್ಲಿ ಬರೆದಿದ್ದೆ. ಯಂತ್ರಕ್ಕೆ ಅವರು ನಾಲ್ವರು ಬೇರೆ ಬೇರೆ ಗಾಯಕರು. ಕನ್ನಡದಲ್ಲೂ 'ಅಶ್ವಥ್', 'ಅಶ್ವತ್ಥ್' ಎಂದು ಎರಡು ರೂಪ ಓಡಾಡುತ್ತವೆ ಅನ್ನುವುದನ್ನು ಒಪ್ಪಿಕೊಳ್ಳುತ್ತೇನೆ. ಆದರೂ ನಾಲ್ಕಕ್ಕಿಂತ ಎರಡು ವಾಸಿ.

ಇದಕ್ಕಿಂತ ದೊಡ್ಡ ತೊಡಕು 'ಆರ್ಟಿಸ್ಟ್' ಎಂಬ ಆ ಒಂದು ಖಾನೆ. ನಮ್ಮ ನಾಡಗೀತೆಯನ್ನೇ ತೆಗೆದುಕೊಳ್ಳಿ. ಬರೆದವರು ಕುವೆಂಪು. 2004ರಲ್ಲಿ ಸರ್ಕಾರ ಅದನ್ನು ನಾಡಗೀತೆ ಎಂದು ಘೋಷಿಸಿತು. ಯಾವ ಧಾಟಿಯಲ್ಲಿ ಹಾಡಬೇಕು, ಮೈಸೂರು ಅನಂತಸ್ವಾಮಿಯವರದೋ ಅಶ್ವತ್ಥ್ ಅವರದೋ ಎಂಬ ಚರ್ಚೆ ವರ್ಷಗಟ್ಟಲೆ ನಡೆದು, 2022ರಲ್ಲಿ ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷ ಎಂದು ತೀರ್ಮಾನವಾಯಿತು. ಈಗ ಹೇಳಿ, ಇದರ 'ಆರ್ಟಿಸ್ಟ್' ಯಾರು? ಕವಿಯೇ? ರಾಗ ಹಾಕಿದವರೇ? ನಿಮ್ಮ ಕ್ಯಾಸೆಟ್‌ನಲ್ಲಿ ಹಾಡಿದವರೇ? ಪಾಪ್ ಸಂಗೀತಕ್ಕೆಂದು ಹೊಲಿದ ಅಂಗಿ ಅದು, ನಮ್ಮ ಭಾವಗೀತೆಯ ಮೈಗೆ ಕೂರುವುದಿಲ್ಲ. ನಿಸಾರ್ ಅಹಮದ್ ಅವರ ಕವಿತೆಗಳ 'ನಿತ್ಯೋತ್ಸವ' ಧ್ವನಿಸುರುಳಿ 1978ರಲ್ಲಿ ಬಂದಾಗ ಜನ ಅದನ್ನು ನಿಸಾರರದೆಂದೂ ಕೇಳಿದರು, ಅನಂತಸ್ವಾಮಿಯವರದೆಂದೂ ಕೇಳಿದರು. ಖಾನೆ ಒಂದೇ ಇದ್ದರೆ ಮೊದಲು ಜಾಗ ಕಳೆದುಕೊಳ್ಳುವವರು ಕವಿಗಳು. ನಾನು ಚಂದಾ ಕಟ್ಟುತ್ತಿದ್ದ ಒಂದು ಹಾಡಿನ ಸೇವೆಯಲ್ಲಿ ಆಗಿದ್ದು ಇದೇ, ಎಷ್ಟೋ ಭಾವಗೀತೆಗೆ ಕವಿಯ ಹೆಸರೇ ಇರಲಿಲ್ಲ.

ಮನೆಯ ಸರ್ವರ್‌ನಲ್ಲಿ ಈ ಗೋಳಿಲ್ಲ. ಫ್ಲಾಕ್‌ನಲ್ಲಿ ಬೇಕಾದಷ್ಟು ಖಾನೆ ಮಾಡಿಕೊಳ್ಳಬಹುದು. ಕವಿ, ರಾಗ ಸಂಯೋಜನೆ, ಗಾಯನ ಎಂದು ಮೂರನ್ನೂ ಬೇರೆ ಬೇರೆ ಬರೆದೆ, ಎಲ್ಲ ಕನ್ನಡದಲ್ಲೇ. ನನ್ನ ಹಳೇ ಪ್ಲೇಯರ್‌ನ ಪುಟ್ಟ ಪರದೆಯಲ್ಲಿ ಬರೀ ಚೌಕ ಚೌಕ ಕಂಡವು. ಅದನ್ನು ಮೂಲೆಗಿಟ್ಟು, ಮೂಲೆಯಲ್ಲಿದ್ದ ಹಳೇ ಟ್ಯಾಬ್ಲೆಟ್ ಒಂದನ್ನು ಗೋಡೆಗೆ ಹಾಕಿದೆ. ಒತ್ತಕ್ಷರವೆಲ್ಲ ಅಚ್ಚುಕಟ್ಟಾಗಿ ಬಂತು. ಈಗ ಮಗಳಿಗೆ ಬೇಂದ್ರೆ ಬೇಕಿದ್ದರೆ 'ಬ' ಹುಡುಕಬೇಕು. ನಮ್ಮ ಮನೆಯಲ್ಲಿ ಅವಳು ತನಗೆ ಬೇಕಾಗಿ, ಯಾರೂ ಹೇಳದೆ ಕನ್ನಡ ಓದುವ ಜಾಗ ಇದೊಂದೇ. ಬಾಲಭಾರತಿ ಪುಸ್ತಕದಿಂದ ಆಗದ್ದು ಹಾಡಿನ ಪಟ್ಟಿಯಿಂದ ಆಗುತ್ತಿದೆ.

"ಎಲ್ಲಾ ಯೂಟ್ಯೂಬ್‌ನಲ್ಲೇ ಸಿಗುತ್ತಲ್ಲ ಗುರು, ಇಷ್ಟೆಲ್ಲ ಯಾಕೆ?" ಎಂದು ಗೆಳೆಯರು ಕೇಳುತ್ತಾರೆ. ಸಿಗುತ್ತದೆ, ನಾನೂ ಕೇಳುತ್ತೇನೆ. ಆದರೆ ಮೇಲೆ ಹೇಳಿದ ಸೇವೆಯಲ್ಲಿ ನಾನು ಗುರುತಿಟ್ಟುಕೊಂಡಿದ್ದ ವಚನಗಳ ಆಲ್ಬಂ ಒಂದು ದಿನ ಮಾಯವಾಗಿತ್ತು. ಯಾಕೆ ಎಂದು ಕೇಳಿದರೆ ಉತ್ತರವಿಲ್ಲ. ಕಪಾಟಿನಲ್ಲಿದ್ದ ಕ್ಯಾಸೆಟ್ ಹಾಗೆ ಮಾಯವಾಗುವುದಿಲ್ಲ, ಬೂಸ್ಟು ಹಿಡಿಯುತ್ತದೆ ಅಷ್ಟೇ.

ಒಂದು ಮಾತು. ನಿಮ್ಮ ಕ್ಯಾಸೆಟ್ ನಿಮ್ಮ ಮನೆಗೆ. ಇಳಿಸಿದ ಹಾಡನ್ನು ಊರಿಗೆಲ್ಲ ಹಂಚಬೇಡಿ, ಹಾಡಿದವರ ಹೊಟ್ಟೆಪಾಡಿನ ಪ್ರಶ್ನೆ. ಹೊಸದಾಗಿ ಸಿಗುವುದನ್ನು ಕೊಂಡೇ ಕೇಳಿ. ಹಂಚಬೇಕಾದದ್ದು ಹೆಸರುಗಳನ್ನು. ಮ್ಯೂಸಿಕ್‌ಬ್ರೈನ್ಜ್ ಎಂಬ ಮುಕ್ತ ಪಟ್ಟಿ ಇದೆ. ಯಾರು ಬೇಕಾದರೂ ಆಲ್ಬಂನ ವಿವರ ಸೇರಿಸಬಹುದು, ಕನ್ನಡ ಲಿಪಿಯಲ್ಲೇ ಸೇರಿಸಬಹುದು. ಕ್ಯಾಸೆಟ್ ಪೆಟ್ಟಿಗೆಯೊಳಗಿನ ಕಾಗದ ನೋಡಿ ಕವಿ, ಸಂಯೋಜಕರು, ಗಾಯಕರು ಎಂದು ತುಂಬಿದರೆ, ಇನ್ನೊಬ್ಬ ಕನ್ನಡಿಗ ಸಿಡ್ನಿಯಲ್ಲೋ ದುಬೈನಲ್ಲೋ ಮತ್ತೆ ಕುಟ್ಟಬೇಕಿಲ್ಲ. ನಮ್ಮ ಬಳಗದ ಹತ್ತು ಮಂದಿ ತಿಂಗಳಿಗೆ ಎರಡೆರಡು ಆಲ್ಬಂ ಹಿಡಿದರೂ ವರ್ಷಕ್ಕೆ 240 ಆಯಿತು. ಏನಂತೀರಿ?

ಬೇಗ ಮಾಡೋಣ ಅನ್ನುವುದಕ್ಕೆ ಕಾರಣವಿದೆ. ಅಪ್ಪನ ಎಷ್ಟೋ ಕ್ಯಾಸೆಟ್‌ಗಳಲ್ಲಿ ಅಚ್ಚಾದ ಕಾಗದವೇ ಇಲ್ಲ, ರೇಡಿಯೊದಿಂದ ಮುದ್ರಿಸಿಕೊಂಡವು. ಒಂದರ ಮೇಲೆ ನೀಲಿ ಶಾಯಿಯಲ್ಲಿ 'ಆಕಾಶವಾಣಿ ಧಾರವಾಡ' ಎಂದಷ್ಟೇ ಇದೆ. ಹೆಣ್ಣುದನಿ, ಹಾರ್ಮೋನಿಯಂ, ನಡುವೆ ನಮ್ಮ ಮನೆಯ ಕುಕ್ಕರ್ ಸೀಟಿ. ಹೋದ ಭಾನುವಾರ ಫೋನಿನಲ್ಲಿ ಅಪ್ಪನಿಗೆ ಕೇಳಿಸಿದೆ. ಪೂರ್ತಿ ಕೇಳಿ, ಸುಮ್ಮನಿದ್ದು, "ಹೆಸರು ಬಾಯಾಗೇ ಐತಿ, ಬರವಲ್ದು. ಮುಂದಿನ ವಾರ ಕೇಳು ನೋಡೋಣು" ಎಂದರು. ಕವಿ ಯಾರೆಂದು ಗೊತ್ತಾಯಿತು, ಬರೆದುಕೊಂಡೆ. ಗಾಯಕಿಯ ಖಾನೆ ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ.